ಗೀರೋ ಬಿರುಕೋ

ಪೂಜ್ಯ ನಿರುಪಾಧೀಶ ಶಿವಯೋಗಿಗಳವರು ಆಗ ಬೆಳಗಾವಿ ಸೀಮೆಯ ಒಂದು ಎರಕದ ಕಾರ್ಖಾನೆಯ ಹಿಂಬದಿಯಲ್ಲಿ, ತಗಡಿನ ಮಾಡಿನ ಕೆಳಗೆ ವಾಸವಾಗಿದ್ದರು. ಮಠವೆಂದರೆ ಒಂದು ಕಟ್ಟೆ, ಒಂದು ಕಂಬಳಿ, ದಾಸೋಹದ ಒಲೆ, ಅಷ್ಟೇ. ಕುಲುಮೆಯ ಮಸಿ ತೇಲಿಬಂದು ಅವರ ಕಾವಿಯ ಮೇಲೆ ಕೂರುತ್ತಿತ್ತು. ಭಕ್ತರು ಕೊಡವಲು ಹೋದರೆ, "ಇರ್ಲಿ ಬಿಡ್ರಿ, ಅದೂ ದುಡದು ದಣದು ಬಂದೈತಿ" ಎಂದು ನಗುತ್ತಿದ್ದರು. ಪಾಳಿ ಮುಗಿಸಿ ಬರುವ ಕೆಲಸಗಾರರೆಲ್ಲ ಅವರನ್ನು ಅಪ್ಪನವರೆಂದೇ ಕರೆಯುತ್ತಿದ್ದರು.

ಆ ಕಾರ್ಖಾನೆಯಲ್ಲಿ ಗದಿಗೆಪ್ಪ ಎಂಬಾತನಿದ್ದ. ಎರಕ ಹೊಯ್ದ ಸಾಮಾನು ತಣ್ಣಗಾದ ಮೇಲೆ ಅದರ ಮೈಯನ್ನು ಕಣ್ಣಿನಿಂದಲೇ ಪರೀಕ್ಷಿಸುವುದು ಅವನ ಕೆಲಸ. ದೀಪವನ್ನು ಓರೆಯಾಗಿ ಹಿಡಿದು ನೋಡಿದನೆಂದರೆ ಕೂದಲೆಳೆಯಂಥ ಬಿರುಕೂ ತಪ್ಪಿಸಿಕೊಳ್ಳಲಾರದು. ಕಂಡಲ್ಲಿ ಸೀಮೆಸುಣ್ಣದಿಂದ ಸುತ್ತು ಬರೆಯುವನು. ಆ ಕಣ್ಣಿನಿಂದ ಎಷ್ಟು ಜನರ ಜೀವ ಉಳಿದಿದೆಯೋ ಶಿವನೇ ಬಲ್ಲ. ಆದರೆ ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬಂತೆ, ಪಾಳಿ ಮುಗಿದರೂ ಆ ಕಣ್ಣಿಗೆ ಬಿಡುವಿರಲಿಲ್ಲ. ಮಗಳು ನೀಲವ್ವನನ್ನು ನೋಡಲು ಬಂದ ವರಗಳಲ್ಲಿ ಒಬ್ಬನ ಹಲ್ಲು ಸೊಟ್ಟ, ಒಬ್ಬನ ಹೆಗಲು ಇಳಿಜಾರು, ಮತ್ತೊಬ್ಬ ನಗುವಾಗ ಎಡಗಣ್ಣು ಸಣ್ಣದಾಗುತ್ತದಂತೆ! ಮೊಸರಿನಲ್ಲಿ ಕಲ್ಲು ಹುಡುಕುವವನಿಗೆ ಅಳಿಯ ಸಿಗುವುದುಂಟೇ?

ಕಡೆಗೆ ನೀಲವ್ವ ತಾನೇ ಒಬ್ಬನನ್ನು ಮೆಚ್ಚಿದಳು. ಅದೇ ಕಾರ್ಖಾನೆಯ ವೆಲ್ಡರ್ ಮಡಿವಾಳಪ್ಪ. ಗದಿಗೆಪ್ಪ ಗುರುತು ಹಾಕಿದ ಬಿರುಕುಗಳನ್ನು ಬೆಸೆದು ತುಂಬುವವನು ಅವನೇ. ದುಡಿಮೆಗಾರ, ಗುಣವಂತ. ಆದರೆ ಬಲಗೆನ್ನೆಯ ಮೇಲೆ ಒಂದು ಸುಟ್ಟ ಕಲೆ. ಗದಿಗೆಪ್ಪ ಮೂಗು ಮುರಿದ. ನೀಲವ್ವ, "ಇವನ್ನ ಬಿಟ್ರ ನನಗ ಲಗ್ನಾನ ಬ್ಯಾಡ" ಎಂದು ಊಟ ಬಿಟ್ಟು ಕೂತಳು. ತಾಯಿ ಶಾಂತವ್ವ ದಿಕ್ಕುಗಾಣದೆ, ಗಂಡನನ್ನೂ ಮಗಳನ್ನೂ ಆ ಹುಡುಗನನ್ನೂ ಕರೆದುಕೊಂಡು ಮಠಕ್ಕೆ ಬಂದಳು.

ಗದಿಗೆಪ್ಪನಿಗೆ ಸ್ವಾಮಿಗಳಲ್ಲಿ ನಂಬಿಕೆ ಅಷ್ಟಕ್ಕಷ್ಟೇ. ಕೈ ಮುಗಿಯುವ ಮೊದಲು ಅಪ್ಪನವರನ್ನೇ ಅಡಿಯಿಂದ ಮುಡಿಯವರೆಗೆ ಪರೀಕ್ಷಿಸತೊಡಗಿದ. ಅಪ್ಪನವರಿಗೆ ಹಿಗ್ಗೋ ಹಿಗ್ಗು. ಎದ್ದು, "ಬೆನ್ನೂ ನೋಡಿಬಿಡಪಾ, ಉಳಿಯೂದು ಬ್ಯಾಡ" ಎಂದು ತಿರುಗಿ ನಿಂತರು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಶಾಂತವ್ವ ನಾಚಿಕೆಯಿಂದ ಸೆರಗು ಬಾಯಿಗಿಟ್ಟುಕೊಂಡು ಬಂದ ಕಾರಣವನ್ನು ಅರಿಕೆ ಮಾಡಿಕೊಂಡಳು.

ಅಪ್ಪನವರು ಕುಳಿತು ಕೇಳಿದರು: "ಗದಿಗೆಪ್ಪಾ, ಕಾರ್ಖಾನ್ಯಾಗ ಗುರುತು ಹಾಕಿದ ಮ್ಯಾಲೆ ಏನ್ ಮಾಡ್ತಿ?"

"ಅರ ಹಾಕಿ ಉಜ್ಜಿ ನೋಡ್ತೇನ್ರಿ. ಮ್ಯಾಲಿನ ಗೀರಾದ್ರ ಹೋಗ್ತೈತಿ, ಬಿರುಕಾದ್ರ ಉಳೀತೈತಿ."

"ಉಜ್ಜದನ ಒಗದುಬಿಟ್ರ?"

"ಛೇ, ಪಾಪ ಬರ್ತೈತ್ರಿ!"

"ಕಬ್ಬಿಣಕ್ಕ ಇಷ್ಟು ಮರ್ಯಾದಿ ಕೊಡ್ತಿ. ಈ ಹುಡುಗಗ ಯಾಕ ಕೊಡವಲ್ಲಿ? ಉಜ್ಜಿ ನೋಡು."

ಬಂದ ಯಾವ ವರನನ್ನೂ ಗದಿಗೆಪ್ಪ ಒಂದು ಮಾತು ಕೇಳಿದವನಲ್ಲ, ನೋಡಿ ಕಳಿಸಿದವನು. ಈಗ ಹುಡುಗನತ್ತ ತಿರುಗಿದ.

"ಮುಖ ಹೆಂಗ ಸುಟ್ಟೀತು?"

"ವೆಲ್ಡಿಂಗ್ ಮಾಡುವಾಗ ಮುಖಕ್ಕ ಹಿಡಿಯೂ ಗುರಾಣಿ ಕೆಳಗ ಇಟ್ಟಿದ್ದೆ, ಕಿಡಿ ಹಾರ್ತ್ರಿ. ತಪ್ಪು ನಂದ."

"ಯಾಕ ಇಟ್ಟಿದ್ದಿ?"

ಮಡಿವಾಳಪ್ಪನ ಇನ್ನೊಂದು ಕೆನ್ನೆಯೂ ಕೆಂಪಾಯಿತು. ನೆಲ ನೋಡುತ್ತ, "ನಿಮ್ಮ ಮಗಳು ನಿಮಗ ಬುತ್ತಿ ತಂದಿದ್ಲ್ರಿ. ಒಂದ್ಸಲ ನನ್ನ ಮುಖ ಆಕಿಗೆ ಕಾಣ್ಲಿ ಅಂತ..." ಎಂದ.

ನೀಲವ್ವ ಅದನ್ನು ಕೇಳಿದ್ದು ಅದೇ ಮೊದಲು. "ಅಯ್ಯ, ಹುಚ್ಚಪ್ಪಾ!" ಎಂದು ಅತ್ತಳು, ನಕ್ಕಳು. ಕಟ್ಟೆಯವರೆಲ್ಲ ಹೋ ಎಂದರು. ಗದಿಗೆಪ್ಪ ಮಾತ್ರ ಹುಡುಗನನ್ನು ಬಹಳ ಹೊತ್ತು ನೋಡಿದ. ಯಾರನ್ನೋ ಉಳಿಸಲು ಹೋಗಿ ಸುಟ್ಟುಕೊಂಡೆ ಎಂದಿದ್ದರೆ ಯಾರು ಇಲ್ಲವೆನ್ನುತ್ತಿದ್ದರು? ತನ್ನ ದಡ್ಡತನವನ್ನು ಹತ್ತು ಜನರೆದುರು ಇದ್ದಂತೆ ಹೇಳಿದ್ದ ಹುಡುಗ.

"ಬಿರುಕಲ್ರೀ ಅಪ್ಪಾ," ಎಂದ ಗದಿಗೆಪ್ಪ. "ಮ್ಯಾಲಿನ ಗೀರು."

ಉಜ್ಜಿದ ಮೇಲೆ ಗಟ್ಟಿಯೆಂದು ಕಂಡ ಸಾಮಾನಿಗೆ ಪಾಸಾದ ಗುರುತು ಹಾಕುವುದು ಕಾರ್ಖಾನೆಯ ರೂಢಿ. ಗದಿಗೆಪ್ಪನ ಕೈ ತಾನಾಗಿ ಮೇಲೆದ್ದು, ಏನು ಮಾಡಬೇಕೆಂದು ತಿಳಿಯದೆ ನಿಂತಿತು. ಅಪ್ಪನವರು ವಿಭೂತಿಯ ತಟ್ಟೆಯನ್ನು ಮುಂದೆ ಸರಿಸಿದರು. ಗದಿಗೆಪ್ಪ ಬೆರಳಿನಿಂದ ಹುಡುಗನ ಹಣೆಗೆ ವಿಭೂತಿ ಹಚ್ಚಿದ.

"ಪಾಸಾತೇನಪಾ?" ಎಂದು ಅಪ್ಪನವರು ಕೇಳಿದರು.

"ಅವ ಪಾಸಾದ್ನ್ರೀ ಅಪ್ಪಾ. ನಾನ ಆಗ್ಲಿಲ್ಲ."

ಅಪ್ಪನವರು ಅವನನ್ನು ಹತ್ತಿರ ಎಳೆದುಕೊಂಡು, ತಮ್ಮ ಅಮೃತಹಸ್ತದಿಂದ ಅವನ ಹಣೆಗೂ ವಿಭೂತಿ ಹಚ್ಚಿ, "ನಿನ್ನೂ ಈಗ ಉಜ್ಜಿ ನೋಡಿದ್ನಲ್ಲೋ, ಗಟ್ಟಿ ಅದಿ" ಎಂದರು. ಒಲೆಯ ಕಡೆ ತಿರುಗಿ ಹೋಳಿಗೆಗೆ ಬೇಳೆ ಇಡಲು ಅಪ್ಪಣೆ ಕೊಡಿಸಿದರು.

ಮಡಿವಾಳಪ್ಪ, "ಮಾವಾರ" ಎಂದು ಕಾಲಿಗೆ ಬಿದ್ದ. ಗದಿಗೆಪ್ಪ ಅವನನ್ನು ಎತ್ತಿಕೊಂಡು ನಾಚದೆ ಅತ್ತ. ಮಗಳು, ಹೆಂಡತಿ, ಕಟ್ಟೆಯ ಮೇಲಿನ ಮಸಿಮೋರೆಯ ಜನ, ಯಾರ ಮುಖವೂ ಆ ಹೊತ್ತು ಅವನ ತುಂಬಿದ ಕಣ್ಣಿಗೆ ಸರಿಯಾಗಿ ಕಾಣಿಸಲಿಲ್ಲ. ಎಲ್ಲರೂ ಚೆಲುವರಾಗಿಯೇ ಕಂಡರು.