ಜಗ್ಗಿ ನೋಡಿದ ತಂತಿ

“ಗುರುಗಳೇ, ತಪ್ಪಿಲ್ಲದವನು ಓಡಿಹೋಗುತ್ತಾನೆಯೇ?” ಎಂದು ಶಿಷ್ಯ ಚನ್ನವೀರ ಕೇಳಿದ.

ಅವನ ಜೊತೆಗಾರ ಮಡಿವಾಳಯ್ಯ ಅಂದು ಬೆಳಿಗ್ಗೆ ಮಠ ಬಿಟ್ಟು ಹೋಗಿದ್ದ. ಉಗ್ರಾಣದ ಕೀಲಿ ಇಷ್ಟು ದಿನ ಅವನ ಕೈಯಲ್ಲಿತ್ತು. ಚನ್ನವೀರ ದಿನವೂ ಅವನ ಚೀಲ ತಡಕುತ್ತಿದ್ದ. ಬೇಕೆಂದೇ ತುಪ್ಪದ ಗಡಿಗೆ ತೆರೆದಿಟ್ಟು ಬಾಗಿಲ ಸಂದಿಯಿಂದ ಇಣುಕುತ್ತಿದ್ದ. ಒಂದು ದಿನವೂ ಏನೂ ಸಿಕ್ಕಿರಲಿಲ್ಲ.

ಗುರುಗಳು ಅವನನ್ನು ಕೂರಿಸಿ ಕತೆ ಹೇಳಿದರು.

ಒಬ್ಬ ಕುದುರೆಯವನಿದ್ದ. ಮದುವೆ ಮೆರವಣಿಗೆಗೆ ಕುದುರೆ ಕೊಡುವುದು ಅವನ ಕಸುಬು. ಇದ್ದದ್ದು ಒಂದೇ ಬಿಳಿ ಹೆಣ್ಣುಗುದುರೆ. ಮನೆಯ ಒಲೆ ಉರಿಯುತ್ತಿದ್ದುದು ಅದರಿಂದಲೇ. ಅದನ್ನು ಟ್ರೇಲರಿಗೆ ಹತ್ತಿಸಿ, ಹಳೆಯ ವ್ಯಾನಿನ ಹಿಂದೆ ಕಟ್ಟಿಕೊಂಡು ಊರೂರಿಗೆ ಒಯ್ಯುತ್ತಿದ್ದ. ಇಳಿಜಾರು ಬಂದರೆ ಟ್ರೇಲರ್ ಹಿಂದಿನಿಂದ ವ್ಯಾನನ್ನೇ ದೂಡುತ್ತಿತ್ತು. ಕುದುರೆಗೆ ಏನಾದೀತೋ ಎಂದು ಅವನಿಗೆ ಜೀವವೇ ಬಾಯಿಗೆ ಬರುತ್ತಿತ್ತು.

ಕೊನೆಗೆ ಟ್ರೇಲರಿನ ಚಕ್ರಗಳಿಗೂ ಕರೆಂಟಿನ ಬ್ರೇಕ್ ಹಾಕಿಸಿದ. ವ್ಯಾನಿನ ಬ್ರೇಕ್ ಒತ್ತಿದರೆ ಟ್ರೇಲರಿನದೂ ಹಿಡಿಯಬೇಕು. ಅದಕ್ಕೊಂದು ಸಣ್ಣ ಪೆಟ್ಟಿಗೆ. ವೈರಿಂಗ್ ಮಿಸ್ತ್ರಿ ಅದನ್ನು ಸ್ಟಿಯರಿಂಗ್ ಕೆಳಗೆ ಕೂರಿಸತೊಡಗಿದ. ಹೊಸ ವ್ಯಾನಾದರೆ ಸಿಕ್ಕಿಸಿದರೆ ಮುಗಿಯಿತು. ಇದು ಹಳೆಯದು. ಬ್ಯಾಟರಿಯಿಂದ, ಬ್ರೇಕ್ ಪೆಡಲಿನಿಂದ, ಹಿಂದಿನ ಟ್ರೇಲರಿನಿಂದ ಬೇರೆ ಬೇರೆ ತಂತಿ ಎಳೆದು ಜಾಯಿಂಟ್ ಮಾಡಬೇಕು.

ಕುದುರೆಯವನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ಚಹಾ ಬಂದರೂ ಏಳಲಿಲ್ಲ. ಮಿಸ್ತ್ರಿ ಜಾಯಿಂಟಿಗೆ ಟೇಪ್ ಸುತ್ತಿದ್ದೇ ತಡ, ಅವನ ತಲೆಯಲ್ಲಿ ಹುಳ ಹೊಕ್ಕಿತು. ಮುಚ್ಚಿದ್ದೇಕೆ?

“ಏನಯ್ಯಾ, ಟೇಪಿನ ಒಳಗೆ ಏನಿಟ್ಟೆ?”

“ನಾಗರಹಾವಂತೂ ಇಟ್ಟಿಲ್ಲ ಬಿಡಿ, ಸಾವ್ಕಾರ್ರೆ! ಬ್ರೇಕ್ ಒತ್ತಿದಾಗ ಪೆಟ್ಟಿಗೆಯ ದೀಪ ಹತ್ತಿದರೆ ಟ್ರೇಲರಿನದೂ ಹಿಡಿದಂತೆ. ಹೊರಡುವ ಮುಂಚೆ ಅದನ್ನು ನೋಡಿ, ಸಾಕು. ತಂತಿಗೆ ಮಾತ್ರ ಕೈ ಹಾಕಬೇಡಿ.”

“ದೀಪ ಹತ್ತಿಸೋದು ಯಾರಿಗೆ ಬರಲ್ಲವೋ? ನನ್ನ ಕಿವಿ ಮೇಲೆ ಹೂ ಇಡುವವನು ಇನ್ನೂ ಹುಟ್ಟಿಲ್ಲ, ತಿಳೀತಾ?”

ಕೈ ಹಾಕಬೇಡಿ ಎಂದ ಆ ಒಂದು ಮಾತೇ ಅವನಿಗೆ ಸಾಕಾಯಿತು. ಒಳಗೆ ಮೋಸವಿಲ್ಲದವನು ಹಾಗೆ ಅಂದಾನೆಯೇ? ಅಂದಿನಿಂದ ಪ್ರತಿ ಸಲ ಹೊರಡುವ ಮುಂಚೆ ಸ್ಟಿಯರಿಂಗ್ ಕೆಳಗೆ ತಲೆ ತೂರಿಸಿ ಒಂದೊಂದು ತಂತಿಯನ್ನೂ ಜಗ್ಗಿ ನೋಡತೊಡಗಿದ. ತಂತಿ ಬಿಗಿಯಾಗಿಯೇ ಇರುತ್ತಿತ್ತು. ಇಷ್ಟು ಬಿಗಿ ಇದೆಯೆಂದರೆ ಮೋಸ ಇನ್ನೂ ಒಳಗಿರಬೇಕು ಎಂದುಕೊಂಡು ಮುಂದಿನ ಸಲ ಇನ್ನಷ್ಟು ಜೋರಾಗಿ ಜಗ್ಗಿದ. ದೀಪದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಒಂದು ದಿನ ಮದುವೆಗೆ ಹೊರಟ ವ್ಯಾನು ಇಳಿಜಾರಿಗೆ ಬಂತು. ಬ್ರೇಕ್ ಒತ್ತಿದ. ವ್ಯಾನು ಹಿಡಿಯಿತು, ಟ್ರೇಲರ್ ಹಿಡಿಯಲಿಲ್ಲ. ಅದು ಹಿಂದಿನಿಂದ ದೂಡಿ, ಅಡ್ಡ ತಿರುಗಿ, ಮಗುಚಿತು. ಕುದುರೆಯ ಮುಂಗಾಲು ಮುರಿಯಿತು.

ಜನ ಓಡಿಬಂದರು. ಕುದುರೆಯವನು ಕುದುರೆಯ ಬಳಿ ಹೋಗಲಿಲ್ಲ. ಮೊದಲು ಸ್ಟಿಯರಿಂಗ್ ಕೆಳಗೆ ಕೈ ಹಾಕಿದ. ಒಂದು ಜಾಯಿಂಟು ಬಿಟ್ಟು ತಂತಿಯ ತುದಿ ಕೈಗೆ ಬಂತು. ಅದನ್ನು ಎಲ್ಲರ ಮುಂದೆ ಎತ್ತಿ ಹಿಡಿದ.

“ನೋಡಿದಿರೇನ್ರೋ? ಆವತ್ತೇ ಹೇಳಿರಲಿಲ್ಲವೇ ನಾನು!”

ಅವನ ಮುಖದಲ್ಲಿ ಗೆದ್ದವನ ಕಳೆಯಿತ್ತು. ಬೆನ್ನ ಹಿಂದೆ ಕುದುರೆ ಏಳಲು ನೋಡಿ ಮತ್ತೆ ಬಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚನ್ನವೀರ ಕೇಳಿದ:

“ಆದರೂ ಗುರುಗಳೇ, ಮಿಸ್ತ್ರಿಯ ಜಾಯಿಂಟು ಮೊದಲಿನಿಂದಲೇ ಸಡಿಲವಾಗಿದ್ದಿರಬಹುದಲ್ಲವೇ?”

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು: “ಇದ್ದಿರಬಹುದು, ಅದನ್ನು ತಿಳಿಯುವ ದಾರಿಯನ್ನು ಕುದುರೆಯವನು ತನ್ನ ಕೈಯಾರೆ ಹಾಳುಮಾಡಿಕೊಂಡನಲ್ಲ.”