ಕಣ್ಣುಬಿಟ್ಟಮ್ಮನ ಗುಡ್ಡ

ಹುಲಿಕಟ್ಟೆಯ ಪಡುವಣಕ್ಕೆ, ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂತೆ ಒಂದು ಬೋಳುಗುಡ್ಡವಿದೆ. ಮುಂಗಾರಿನ ಮಳೆ ಬಿದ್ದ ಮೇಲೆ ಅದರ ಇಳಿಜಾರಿನ ಹುಲ್ಲಿನಲ್ಲಿ, ಕೊಡೆಯಿಲ್ಲದೆ ನಿಂಬೆಹಣ್ಣಿನಂತೆ ದುಂಡಗಿರುವ ಅಣಬೆಗಳು ಏಳುತ್ತವೆ. ಎಳೆಯವು ಬೆಳ್ಳಗಿರುತ್ತವೆ, ಬಲಿತು ಒಣಗಿದವನ್ನು ಒದ್ದರೆ ಕಂದು ಹುಡಿ ಹೊಗೆಯಂತೆ ಚಿಮ್ಮುತ್ತದೆ. ಆ ಹುಡಿ ತಾಗಿದರೆ ಕಣ್ಣು ಹೋಗುತ್ತದೆಂದು ಸುತ್ತಿನವರು ನಂಬಿದ್ದರು. ಉಗ್ರದೇವತೆಯೊಬ್ಬಳು ಇಲ್ಲಿ ಕಣ್ಣು ತೆರೆದು ಊರನ್ನು ಸುಟ್ಟಳೆಂದೂ, ಅದರಿಂದಲೇ ಇದು ಕಣ್ಣುಬಿಟ್ಟಮ್ಮನ ಗುಡ್ಡವಾಯಿತೆಂದೂ ಹೊರಗಿನವರು ಹೇಳುವುದುಂಟು. ಅದು ತಪ್ಪು. ಇಲ್ಲಿ ಯಾವ ಊರೂ ಸುಟ್ಟಿಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಕೋಟೆಯ ಉಗ್ರಾಣ ನೋಡಿಕೊಳ್ಳುತ್ತಿದ್ದ ನರಸಪ್ಪಯ್ಯನ ಹೆಂಡತಿ ಅಚ್ಚಮ್ಮ ಎಂಬವಳಿದ್ದಳು ಎನ್ನುತ್ತಾರೆ. ಬಾವಿಯ ಹಗ್ಗವನ್ನೂ ತೊಳೆದೇ ಮುಟ್ಟುವಷ್ಟು ಮಡಿ ಅವಳದು. ಅಣಬೆಯ ಹೆಸರನ್ನು ಅವಳ ಅಂಗಳದಲ್ಲಿ ಎತ್ತುವಂತಿರಲಿಲ್ಲ. ಒಂದು ಮಧ್ಯಾಹ್ನ, ಕಲ್ಲು ಸೀಳುವುದನ್ನು ನೋಡಲು ಗುಡ್ಡಕ್ಕೆ ಹೋಗಿದ್ದ ಗಂಡನನ್ನು ನಾಲ್ವರು ಕಂಬಳಿಯಲ್ಲಿ ಹೊತ್ತು ತಂದರು. ಸಿಡಿದ ಚಕ್ಕೆ ತೊಡೆಯನ್ನು ಸೀಳಿತ್ತು. ಜೊತೆಗೆ ಬಂದಿದ್ದ ಕಲ್ಲುಕುಟಿಗರ ಓಬಕ್ಕ, ಗಾಯಕ್ಕೆ ಅಣಬೆಯ ಹುಡಿ ತುಂಬಿ ಬಟ್ಟೆ ಬಿಗಿದಿರುವುದಾಗಿಯೂ ಮೂರು ದಿನ ನೀರು ಸೋಕಿಸಬಾರದೆಂದೂ ಹೇಳಿ ಹೋದಳು. ರಕ್ತ ನಿಂತಿತ್ತು. ಅಚ್ಚಮ್ಮನ ಕಣ್ಣಿಗೆ ಅದು ಬೀಳಲಿಲ್ಲ. ಕಂದು ಕೊಳೆ ಮಾತ್ರ ಬಿತ್ತು. ಮೈಲಿಗೆ ಕಳೆಯಲೆಂದು ಅವಳು ಗಂಡನನ್ನು ಬಚ್ಚಲಿನಲ್ಲಿ ಕೂರಿಸಿ, ಬಟ್ಟೆ ಬಿಚ್ಚಿ, ಬಿಂದಿಗೆಯ ಮೇಲೆ ಬಿಂದಿಗೆ ನೀರು ಸುರಿದಳು. ನಾಲ್ಕನೆಯ ಬಿಂದಿಗೆಗೆ ಬಚ್ಚಲಿನ ನೀರು ಕೆಂಪಾಗಿ ಹರಿಯಿತು. ಐದನೆಯದು ಅವಳ ಕೈಯಿಂದ ಜಾರಿತು.

ಬೀದಿಯಲ್ಲಿ ಎಂದೂ ಅವಸರದ ಹೆಜ್ಜೆ ಇಡದವಳು ಕಲ್ಲುಕುಟಿಗರ ಗುಡಿಸಲಿನವರೆಗೆ ಓಡಿದಳು. ಓಬಕ್ಕ ಬಯ್ಯಲಿಲ್ಲ. ಇದ್ದ ಹುಡಿಯನ್ನೆಲ್ಲ ಆಗಲೇ ಹಾಕಿದ್ದೆ ಎಂದಳು.

“ಅಮ್ಮಾವ್ರೇ, ಒಬ್ಬರು ಗಾಯ ಒತ್ತಿ ಹಿಡೀಬೇಕು, ಒಬ್ಬರು ಗುಡ್ಡ ಹತ್ತಬೇಕು. ಒತ್ತಿ ಹಿಡಿಯೋದು ನಿಮ್ಮ ಕೈಲಾಗಲ್ಲ. ನಾನು ನಿಮ್ಮ ಬಚ್ಚಲಿಗೆ ಹೋಗ್ತೀನಿ, ನೀವು ಗುಡ್ಡಕ್ಕೆ ಹೋಗಿ.”

“ಕಣ್ಣು ಹೋಗುತ್ತದಂತಲ್ಲೇ ಓಬೀ.”

“ನಾನು ನಿಮ್ಮನ್ನ ನೋಡ್ತಾ ಇಲ್ವಾ?”

ಕಲ್ಲುಕುಟಿಗರ ಕಣ್ಣು ಬೇರೆ, ತನ್ನದು ಬೇರೆ ಎಂದುಕೊಂಡಳು ಅಚ್ಚಮ್ಮ. ಹುಲ್ಲಿನ ಇಳಿಜಾರು ಸಿಕ್ಕಿದೊಡನೆ ಸೆರಗು ಹರಿದು ಕಣ್ಣಿಗೆ ಕಟ್ಟಿಕೊಂಡು, ಮಂಡಿಯೂರಿ ತಡಕಾಡಿದಳು. ಕೈಗೆ ಸಿಕ್ಕಿದ ಒಣ ಅಣಬೆಗಳೆಲ್ಲ ಬೆರಳಿನಲ್ಲೇ ಒಡೆದು ಹುಡಿ ಗಾಳಿಗೆ ಹೋಯಿತು. ಒಡೆಯದೆ ಉಳಿದವು ಹಸಿಯವು, ಉಪಯೋಗವಿಲ್ಲದವು. ಅಷ್ಟು ಹೊತ್ತಿಗೆ ಬಚ್ಚಲಿನಲ್ಲಿ ಎಷ್ಟು ಹರಿದಿರಬಹುದೆಂದು ಲೆಕ್ಕ ಹಾಕಿದಳು. ಕಟ್ಟನ್ನು ಕಿತ್ತೆಸೆದಳು. ಕಂದು ಹುಡಿ ಮುಖದ ತುಂಬ ಕವಿದಿತ್ತು. ಅದರೊಳಗೇ ಕಣ್ಣು ಬಿಟ್ಟು, ಒಂದೊಂದನ್ನೇ ಬುಡದಿಂದ ಬಿಡಿಸಿ ಮಡಿಲಿಗೆ ಹಾಕಿಕೊಂಡಳು.

ನರಸಪ್ಪಯ್ಯ ಬದುಕಿದ. ಕುಂಟುತ್ತ ಇಪ್ಪತ್ತು ವರ್ಷ ಬಾಳಿದ ಎನ್ನುತ್ತಾರೆ. ಹುಡಿ ಎಳೆದುಕೊಂಡ ಅಚ್ಚಮ್ಮ ಮೂರು ತಿಂಗಳು ಕೆಮ್ಮಿದಳು. ಕಣ್ಣಿಗೆ ಏನೂ ಆಗಲಿಲ್ಲ. ಆದರೆ ಆ ಬಚ್ಚಲಿನಲ್ಲಿ ಅವಳು ಮತ್ತೆ ಸ್ನಾನ ಮಾಡಲಿಲ್ಲವಂತೆ.

ಗುಡ್ಡದ ನೆತ್ತಿಯಲ್ಲಿ ಓಬಕ್ಕನ ಕಡೆಯವರು ಕಡೆದ ಮೊಳದುದ್ದದ ಕಲ್ಲೊಂದು ಇಂದಿಗೂ ಇದೆ. ಮಂಡಿಯೂರಿದ ಹೆಂಗಸು, ಚಾಚಿದ ಕೈ, ಮುಖಕ್ಕೆ ಮೀರಿದ ಎರಡು ಕಣ್ಣು. ನೋಡಲು ಬಂದವರು ಕೋಪದ ಕಣ್ಣೆಂದು ಹೆದರಿ ನಿಂಬೆಹಣ್ಣು ಕೊಯ್ದಿಡುತ್ತಾರೆ. ತುಸು ಹೊತ್ತು ನಿಂತು ನೋಡಿದರೆ ತಿಳಿಯುತ್ತದೆ: ಕತ್ತಲು ಈಗ ಬಂತು, ಈಗ ಬಂತು ಎಂದು ಕಾಯುತ್ತಲೇ ಕೆಲಸ ಮುಂದುವರಿಸಿದವಳ ಕಣ್ಣು ಅವು.