ಅರ್ಧ ಕೂರಿಗೆ ಹೊಲಕ್ಕೆ ಸೊನ್ನೆ ಬರೆದ ರಾಜ

ಸಂಕವ್ವನ ಹೊಲವನ್ನು ರಾಜ ಕದ್ದ. ಗುದ್ದಲಿ ಹಿಡಿಯಲಿಲ್ಲ, ಬೇಲಿ ಕೀಳಲಿಲ್ಲ. ಭಾಗಾಕಾರ ಮಾಡಿ ಕದ್ದ.

ಇದು ಆದದ್ದು ಒಂದಾನೊಂದು ಊರಿನಲ್ಲಿ. ಅಲ್ಲಿ ನೆಲ ಅಳೆಯುತ್ತಿದ್ದವು ಎತ್ತುಗಳು. ಒಂದು ಜೋಡಿ ಎತ್ತು ಕೂರಿಗೆ ಎಳೆದು ಬೆಳಗಿನಿಂದ ಸಂಜೆತನಕ ಬಿತ್ತಿದರೆ ಅಷ್ಟು ನೆಲ ಒಂದು ಕೂರಿಗೆ. ಮಧ್ಯಾಹ್ನಕ್ಕೇ ಬಿತ್ತನೆ ಮುಗಿದರೆ ಅರ್ಧ ಕೂರಿಗೆ. ಸಂಕವ್ವನದು ಅರ್ಧ ಕೂರಿಗೆ. ಅರಮನೆಯ ಗೋಡೆಗೆ ಅಂಟಿಕೊಂಡ ಹೊಲ. ಆ ಹೊಲದ ಜೋಳದಲ್ಲೇ ಅವಳ ರೊಟ್ಟಿ.

ರಾಜನಿಗೆ ಒಂದು ಹುಚ್ಚು ಹಿಡಿಯಿತು. ಕಡಲಾಚೆಯಿಂದ ಒಂದು ಹೆಕ್ಟೇರ್ ತರಿಸಿದ. ಉದ್ದ ನೂರು ಮೀಟರ್, ಅಗಲ ನೂರು ಮೀಟರ್. ಆನೆಗಳ ಮೇಲೆ ಮಡಚಿಕೊಂಡು ಬಂದ ಹೆಕ್ಟೇರ್ ಊರ ಮುಂದೆ ಇಳಿದು ಮೈ ಮುರಿಯಿತು.

"ನಾನು ಎರಡೂವರೆ ಎಕರೆಗೆ ಒಂದು ಗುಂಟೆ ಕಡಿಮೆ. ಚೂರುಪಾರು ನನಗೆ ಗೊತ್ತಿಲ್ಲ. ನಾನು ಹಿಡಿಸಿದರೆ ಒಂದು, ಹಿಡಿಸದಿದ್ದರೆ ಸೊನ್ನೆ" ಎಂದಿತು.

"ಆಹಾ, ಎಂಥ ನ್ಯಾಯ!" ಎಂದ ರಾಜ.

ಹೆಕ್ಟೇರ್ ಸಂಕವ್ವನ ಹೊಲದಲ್ಲಿ ಮಲಗಿ ನೋಡಿತು. ಕಾಲು ಬೇಲಿಯಾಚೆ ಹೋಯಿತು. ರಾಜನ ಅಳತೆಗಾರ ಸೊನ್ನೆ ಬರೆದ.

"ಯವ್ವಾ, ನಿನಗ ಹೊಲ ಇಲ್ಲ."

"ಹಂಗಾರ ನಾ ಎಲ್ಲಿ ನಿಂತೀನೋ ಯಪ್ಪಾ?"

"ಎಲ್ಲೂ ನಿಂತಿಲ್ಲ."

"ಈ ಜೋಳ?"

"ಎಲ್ಲೂ ಬೆಳೆದಿಲ್ಲ. ಎಲ್ಲೂ ಬೆಳೀದ ಜೋಳ ಯಾರದೂ ಅಲ್ಲ. ಯಾರದೂ ಅಲ್ಲದ್ದು ರಾಜರದು."

ತೆನೆ ಕೊಯ್ದು ಒಯ್ದರು.

ಸಂಕವ್ವ ಅಳಲಿಲ್ಲ. ಅವಳ ಹೊಟ್ಟೆಯಲ್ಲಿ ಹಸಿವಿಗಿಂತ ಮೊದಲು ಸಿಟ್ಟು ಎದ್ದಿತು. ಹೆಕ್ಟೇರಿನ ಒಂದು ಮೂಲೆ ಹಿಡಿದು ದರದರ ಎಳೆದುಕೊಂಡು ಅರಮನೆಗೆ ಹೋದಳು.

"ಇಲ್ಲೂ ಒಂದ್ಸಲ ಮಲಗು" ಎಂದಳು.

ಮಲಗಿತು. ಅಡುಗೆಮನೆ, ಕುದುರೆಲಾಯ, ಸಿಂಹಾಸನ, ಎಲ್ಲದರ ಮೇಲೂ ಮಲಗಿತು. ಎದ್ದು ಕೂತು ಹೇಳಿತು: "ಪ್ರಭು, ಸುಳ್ಳು ಹೇಳಲಾರೆ. ನಾಲ್ಕು ಬೆರಳಷ್ಟು ಜಾಗ ಕಡಿಮೆ. ಸೊನ್ನೆ."

ರಾಜ ಸಂಕವ್ವನ ಹತ್ತಿರ ಓಡಿ ಬಂದ.

"ಯವ್ವಾ ಸಂಕವ್ವಾ, ನಿನ್ನ ಹೊಲದಾಗ ನಾಲ್ಕು ಬೆರಳು ಕೊಡು."

"ಯಾವ ಹೊಲ?"

"ಗ್ವಾಡಿ ಆಚೆದು."

"ಅದು ಇಲ್ಲಲ್ಲ! ಸೊನ್ನೆದಾಗ ನಾಲ್ಕು ಬೆರಳು ಹೆಂಗ ಕತ್ತರಿಸಿ ಕೊಡ್ಲಿ? ಮೊದಲ ಹೊಲ ಐತಿ ಅಂತ ಬರಸು. ನಂದಷ್ಟ ಅಲ್ಲ, ಊರಾಗಿನ ಎಲ್ಲಾರದೂ. ಎಷ್ಟು ಕೂರಿಗೆಯೋ ಅಷ್ಟು ಕೂರಿಗೆ ಅಂತ."

"ಕೂರಿಗೆ ಅಂತ ಬರೆದ್ರ ನನ್ನ ಹೆಕ್ಟೇರಿನ ಮಾನ ಹೋಗತೈತಿ!"

"ಮಾನ ಇಟ್ಕೊ. ಅರಮನಿ ಬಿಡು."

ರಾಜ ಬರೆಸಲಿಲ್ಲ. ಮರುದಿನ ಸಂಕವ್ವ ಎತ್ತು ಹೂಡಿದಳು. ಬೆಳಗಿನಿಂದ ಮಧ್ಯಾಹ್ನದತನಕ ತನ್ನ ಹೊಲ ಬಿತ್ತಿದಳು. ಎತ್ತುಗಳು ಅಲ್ಲಿಗೆ ನಿಲ್ಲಲಿಲ್ಲ. ಇಲ್ಲದ ಗೋಡೆ ಯಾರನ್ನು ತಡೆದೀತು? ದರ್ಬಾರಿನ ನಡುವೆ ಸಾಲು ಬಿದ್ದವು. ಅಂತಃಪುರದಲ್ಲಿ ಸಾಲು ಬಿದ್ದವು. "ಇದು ನನ್ನ ಸಿಂಹಾಸನ!" ಎಂದು ರಾಜ ಕಿರುಚಿದ. "ಎಲ್ಲೈತಿ?" ಎಂದು ಸಂಕವ್ವ ಅದರ ಮೇಲೂ ಜೋಳ ಬಿತ್ತಿದಳು. ಸಂಜೆಗೆ ಅರಮನೆ ಮುಗಿಯಿತು. ಹೊಲದ್ದು ಅರ್ಧ, ಅರಮನೆಯದ್ದು ಅರ್ಧ, ಸೇರಿ ಒಂದು ಪೂರ್ತಿ ಕೂರಿಗೆ.

ರಾಜ ಎಲ್ಲಿ ಎನ್ನುತ್ತೀರಾ? ಎಲ್ಲೂ ನಿಂತಿಲ್ಲ.

ಕತೆ ಎದ್ದು ಹೊಲಕ್ಕೆ ಹೋಯಿತು. ಕೇಳಿದ ನೀವು ಇನ್ನೂ ಕೂತೇ ಇದ್ದೀರಿ. ನಿಮ್ಮ ನೆಲಕ್ಕೆ ಎಷ್ಟು ಬರೆದಿದ್ದಾರೆ? ನಾಳೆಯೇ ಹೋಗಿ ಕೇಳಿ. ಒಬ್ಬರೇ ಹೋಗಬೇಡಿ, ಓಣಿಯವರನ್ನೆಲ್ಲ ಕರೆದುಕೊಂಡು ಹೋಗಿ. ಸೊನ್ನೆ ಎಂದು ಹೇಳಿದರೆ, ಬರೆದವನ ಮನೆಯನ್ನು ಅವನ ಅಳತೆಯಲ್ಲೇ ಅಳೆಯಿರಿ. ಏಳಿ.